ಶಾರದ ಆರಿಸಿದ ಕ್ಯಾಮೆರಾ

ನಮ್ಮ ಶಾರದನ ವಿಷಯ ಬರೆಯಬೇಕಾದರೆ ಅವಳಪ್ಪನ ಮೇಲೆ ನನಗಿರುವ ಸಿಟ್ಟನ್ನು ಮೊದಲು ಪಕ್ಕಕ್ಕಿಡಬೇಕು. ಪ್ರಯತ್ನಪಟ್ಟೆ, ಆಗಲಿಲ್ಲ. ಆದ್ದರಿಂದ ಸಿಟ್ಟನ್ನೂ ಜೊತೆಗಿಟ್ಟುಕೊಂಡೇ ಬರೆಯುತ್ತೇನೆ. ಖಾರ ಹೆಚ್ಚಾಯಿತೆನ್ನುವವರು ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದಲಿ.

ಶಾರದ ನನ್ನ ಅಕ್ಕ ಸುಂದರಮ್ಮನ ಒಬ್ಬಳೇ ಮಗಳು. ನಾನು ಅವಳ ಚಿಕ್ಕಮ್ಮ, ಮಹಾಲಕ್ಷ್ಮಿ. ಕುಣಿಗಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಲೈನು ಎಂಗೇಜ್ ಇತ್ತು ಎಂದು ಹೇಳಿ ಬಾಯಿ ಮುಚ್ಚಿಸುವುದು ನನ್ನ ಅಭ್ಯಾಸ. ಅಕ್ಕನ ಮನೆ ತುಮಕೂರಿನ ಬಟವಾಡಿಯಲ್ಲಿ. ಭಾವ ಅನಂತರಾಮಯ್ಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಖಾದಿ ಜುಬ್ಬ, ಹೆಗಲಿಗೆ ಬಟ್ಟೆ ಚೀಲ, ಬಾಯಲ್ಲಿ ಸದಾ ಏನಾದರೊಂದು ಆದರ್ಶ. ಜಾತಿ ಕೂಡದು, ವರದಕ್ಷಿಣೆ ಕೂಡದು, ಹೆಣ್ಣುಮಕ್ಕಳಿಗೆ ಓದು ಬೇಕು. ಅವರ ಭಾಷಣ ಕೇಳಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು.

ಶಾರದನಿಗೆ ಸಿನಿಮಾ ಹುಚ್ಚು ಹಿಡಿಸಿದವರೂ ಅವರೇ. ಎಪ್ಪತ್ತೆರಡು ಎಪ್ಪತ್ತಮೂರರ ಹೊತ್ತಿಗೆ ಊರಿನ ಕೆಲವು ಮೇಷ್ಟ್ರುಗಳು, ವಕೀಲರು ಸೇರಿ ಫಿಲ್ಮ್ ಸೊಸೈಟಿ ಅಂತ ಒಂದನ್ನು ಮಾಡಿಕೊಂಡಿದ್ದರು. ಕಾಲೇಜಿನ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗರಗರ ಎನ್ನುವ ಪ್ರೊಜೆಕ್ಟರಿನಲ್ಲಿ ಯಾವ ಯಾವುದೋ ದೇಶದ ಸಿನಿಮಾ ತೋರಿಸುತ್ತಿದ್ದರು. ಹಾಡಿಲ್ಲ, ಫೈಟಿಂಗಿಲ್ಲ. ನಾನು ಒಂದೇ ಸಲ ಹೋಗಿ ಚೆನ್ನಾಗಿ ನಿದ್ದೆ ಮಾಡಿ ಬಂದೆ. ಶಾರದ ಮಾತ್ರ ಎಂಟೊಂಬತ್ತು ವರ್ಷದ ಮಗು, ಅಪ್ಪನ ತೊಡೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕಣ್ಣು ಎಂದೆನಲ್ಲ, ಅವಳಿಗೆ ನೆಟ್ಟಗಿದ್ದದ್ದು ಎಡಗಣ್ಣೊಂದೇ. ಚಿಕ್ಕಂದಿನಲ್ಲಿ ಪೆಟ್ಟು ಬಿದ್ದು ಬಲಗಣ್ಣಿನ ದೃಷ್ಟಿ ಮಂದವಾಗಿತ್ತು. ಮನೆಗೆ ನಡೆದು ಬರುವಾಗ ಭಾವ ಕಥೆ ಏನೆಂದು ಕೇಳುತ್ತಿರಲಿಲ್ಲ. ಆ ಮುದುಕಿ ಅತ್ತಳಲ್ಲ, ಆಗ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಕೇಳುತ್ತಿದ್ದರು. ಅವಳು ರಸ್ತೆಯಲ್ಲೇ ಓಡಿಹೋಗಿ ನಿಂತು, ಇಲ್ಲಿ ಎಂದು ತೋರಿಸುತ್ತಿದ್ದಳು. ಅಂಥ ಅಪ್ಪ ಯಾರಿಗೆ ಸಿಗುತ್ತಾನೆ ಎಂದು ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಬಿ.ಎಸ್ಸಿ. ಮುಗಿಸಿದ ವರ್ಷ ಶಾರದ ಯಾರಿಗೂ ಹೇಳದೆ ಸಿನಿಮಾ ಕಲಿಸುವ ಕಡೆಗೆಲ್ಲ ಅರ್ಜಿ ಹಾಕಿದ್ದಳು. ಒಂದು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಅಕ್ಕ ಹೌಹಾರಿದಳು. ಭಾವ ಬೇಡ ಎನ್ನಲಿಲ್ಲ, ಬೇಡ ಎಂದರೆ ಆದರ್ಶಕ್ಕೆ ಭಂಗವಾಗುತ್ತದಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು, ದೂರದ ಊರಲ್ಲಿ ಹಾಸ್ಟೆಲು ಸೇರಿ ಮೂರು ವರ್ಷ ಕಳೆಯುವುದಕ್ಕಿಂತ ಕೈಯಲ್ಲೊಂದು ಕ್ಯಾಮೆರಾ ಇದ್ದರೆ ಮೂರು ತಿಂಗಳಲ್ಲಿ ಕಲಿಯಬಹುದು ಎಂದರು. "ನಾನು ಕೊಡಿಸ್ತೀನಿ ಕಣೇ. ನಿನಗೆ ಕ್ಯಾಮೆರಾ ನಾನು ಕೊಡಿಸ್ತೀನಿ. ಅದರಲ್ಲಿ ಸಿನಿಮಾ ಮಾಡಿ ಅವರಿಗೇ ತೋರ್ಸು," ಎಂದರು. ಶಾರದ ಒಂದು ದಿನ ಯೋಚಿಸಿ ಒಪ್ಪಿಕೊಂಡಳು. ಇಂಟರ್‌ವ್ಯೂ ತಾರೀಕು ಬಂದು ಹೋಯಿತು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಕ್ಯಾಮೆರಾ ಅಪ್ಪನ ಉಡುಗೊರೆಯಲ್ಲ, ಅವಳು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಅಪ್ಪ ಕೊಟ್ಟ ಮಾತು.

ಮಾಡಬೇಕೆಂದಿದ್ದ ಸಿನಿಮಾ ಯಾವುದೆಂದರೆ, ಅದಕ್ಕೆ ನಾನೇ ಹೀರೋಯಿನ್ನು. ನಗಬೇಡಿ. ಒಬ್ಬ ನಡುವಯಸ್ಸಿನ ಹೆಂಗಸು ಮದುವೆ ಮನೆಗೆಂದು ಎರವಲು ತಂದ ದೊಡ್ಡದೊಂದು ಹಿತ್ತಾಳೆ ಪಾತ್ರೆಯನ್ನು ಹಿಂದಿರುಗಿಸಲು ಹೊರಡುತ್ತಾಳೆ. ಕೊಟ್ಟವರ ಮನೆಗೆ ಬೀಗ. ಅವರು ಮಾರ್ಕೋನಹಳ್ಳಿಯ ಕಡೆ ಹೋಗಿಬಿಟ್ಟಿದ್ದಾರೆ. ಪಾತ್ರೆ ಹೊತ್ತುಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಅಲ್ಲಿಗೂ ಹೋಗುತ್ತಾಳೆ. ಕೊಟ್ಟವಳು ತೀರಿಕೊಂಡಿದ್ದಾಳೆ, ಮನೆಯವರಿಗೆ ಆ ಪಾತ್ರೆಯ ಗುರುತೇ ಇಲ್ಲ. ಬೇಡವೆನ್ನುತ್ತಾರೆ. ಅವಳು ಜಗಲಿಯ ಮೇಲಿಟ್ಟು ಬರುತ್ತಾಳೆ. ಅಷ್ಟೇ ಕಥೆ. ಇದರಲ್ಲೇನಿದೆ ಎಂದು ನಾನು ಕೇಳಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಕೈಗಳು ಇನ್ನೂ ಪಾತ್ರೆ ತಬ್ಬಿಕೊಂಡ ಹಾಗೇ ದುಂಡಗೆ ಇರುತ್ತವೆ ಚಿಕ್ಕಮ್ಮ, ಅದನ್ನು ತೋರಿಸಬೇಕು ಎಂದಳು.

ನನಗೆ ರಜೆ ಸಿಕ್ಕಾಗಲೆಲ್ಲ ಶಾರದ ಕುಣಿಗಲ್ಲಿಗೆ ಬಂದುಬಿಡುತ್ತಿದ್ದಳು. ನನ್ನನ್ನು ಮಾರ್ಕೋನಹಳ್ಳಿ ಅಣೆಕಟ್ಟಿನ ಮೇಲೆ, ತೆಂಗಿನ ತೋಟದ ಬದುವಿನ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ನಡೆಸುತ್ತಿದ್ದಳು. ಖಾಲಿ ಬೆಂಕಿಪೊಟ್ಟಣದ ಹೊರಗಿನ ಕವಚವನ್ನು ಎಡಗಣ್ಣಿಗೆ ಹಿಡಿದುಕೊಂಡು ಅದರ ಚೌಕದಿಂದ ನೋಡುತ್ತಿದ್ದಳು. ತಲೆಯ ಮೇಲೆ ನಮ್ಮ ಮನೆಯ ಕೊಳಗ ಹೊತ್ತುಕೊಂಡು ನಾನು ಬಿಸಿಲಲ್ಲಿ ನಡೆಯುವಾಗ ಎಮ್ಮೆ ಕಾಯುವವರು ನಿಂತು ನೋಡಿ, ಎಕ್ಸ್‌ಚೇಂಜಮ್ಮನಿಗೆ ಏನೋ ಹರಕೆ ಇರಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ಮರ್ಯಾದೆ ಹೋದರೆ ಹೋಗಲಿ, ನನಗೂ ಆಸೆ ಹತ್ತಿತ್ತು.

ಎಂಬತ್ತಾರರ ಕಾರ್ತಿಕದಲ್ಲಿ ಮದುವೆ ನಿಶ್ಚಯವಾಯಿತು. ಹುಡುಗ ಗುಬ್ಬಿಯವನು, ಸುಬ್ಬಕೃಷ್ಣ. ತುಮಕೂರಿನ ಪಕ್ಕದ ಸತ್ಯಮಂಗಲದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ತಂದೆಯಿಲ್ಲ, ತಾಯಿ ರಾಧಮ್ಮನೇ ಮನೆಯ ಯಜಮಾನಿ. ಹುಡುಗ ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು, ಸ್ವಭಾವ ಮಾತ್ರ ಬಾಳೆಹಣ್ಣು. ಹೆಣ್ಣು ನೋಡಲು ಬಂದ ದಿನ ಶಾರದ ಅವನಿಗೆ ನೇರವಾಗಿ, ನಾನು ಒಂದು ಸಿನಿಮಾ ಮಾಡಬೇಕೆಂದಿದ್ದೇನೆ, ಮದುವೆಯಾದರೂ ಮಾಡುತ್ತೇನೆ ಎಂದಳು. ಅವನು ಅದಕ್ಕೇನಂತೆ, ಮಾಡಿ, ನನಗೂ ಸಿನಿಮಾ ಇಷ್ಟ ಎಂದ. ಹುಡುಗಿ ಅಷ್ಟಕ್ಕೇ ಸೋತಳು. ರಾಧಮ್ಮ ಹೋಗುವಾಗ ಅಕ್ಕನ ಹತ್ತಿರ, ನಮ್ಮ ಹುಡುಗ ದಿನಾ ಸತ್ಯಮಂಗಲಕ್ಕೆ ಓಡಾಡೋದು ಕಷ್ಟ, ಒಂದು ಸ್ಕೂಟರ್ ಇದ್ದರೆ ಅನುಕೂಲ ಎಂದು ಗಾಳಿಗೆ ಹೇಳಿದ ಹಾಗೆ ಹೇಳಿ ಹೋದರು. ಭಾವನಿಗೆ ಅದು ತಿಳಿದು, ವರದಕ್ಷಿಣೆ ಕೊಡುವವನು ನಾನಲ್ಲ ಎಂದು ಎರಡು ದಿನ ಮನೆಯಲ್ಲಿ ಗುಡುಗಿದರು. ಮೂರನೆಯ ದಿನ ಗುಬ್ಬಿಗೆ ಹೋಗಿ ಬಂದರು. ಏನು ಮಾತಾಡಿದಿರಿ ಎಂದರೆ ಎಲ್ಲ ಬಗೆಹರಿಯಿತು ಎಂದರು. ಹೇಗೆ ಬಗೆಹರಿಯಿತೆಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಬಗೆಹರಿಸಿದ್ದಾರೆ ಎಂದರೆ ನ್ಯಾಯವಾಗಿಯೇ ಬಗೆಹರಿದಿರುತ್ತದೆ ಎಂಬ ನಂಬಿಕೆ ನಮಗೆಲ್ಲ.

ಅದಾದ ಮೇಲೆ ಭಾವ ಕುಣಿಗಲ್ಲಿನ ತೋಟದಲ್ಲಿದ್ದ ತಮ್ಮ ಭಾಗವನ್ನು ಮಾರಿದರು. ಒಂದು ಸಂಜೆ ಶಾರದನನ್ನು ಕರೆದು, ಮದುವೆಗೆ ಮುಂಚೆ ಕ್ಯಾಮೆರಾ ಮನೆಗೆ ಬಂದುಬಿಡಬೇಕು, ನಡಿ, ನೀನೇ ಆರಿಸು ಎಂದರು. ಶಾರದ ಎಕ್ಸ್‌ಚೇಂಜಿಗೆ ಫೋನು ಮಾಡಿದಳು. ಬರೀ ಚಿಕ್ಕಮ್ಮ, ಚಿಕ್ಕಮ್ಮ ಎನ್ನುತ್ತಿದ್ದಳು. ಕೊನೆಗೆ ನಾನೇ ಗದರಿಸಿ ವಿಷಯ ಹೊರಡಿಸಿದೆ. ಮಾರನೆಯ ದಿನವೇ ರಜೆ ಹಾಕಿ ತುಮಕೂರಿನ ಬಸ್ಸು ಹತ್ತಿದೆ.

ಬಟವಾಡಿಯಲ್ಲಿ ಸದಾಶಿವಯ್ಯನ ವಿಡಿಯೋ ಅಂಗಡಿ ಇತ್ತು. ಭಾವ, ಶಾರದ, ನಾನು ಮೂವರೂ ಅಲ್ಲಿಗೆ ಹೋದೆವು. ಕಲರ್ ಟಿ.ವಿ., ಕ್ಯಾಸೆಟ್ ಹಾಕುವ ಪೆಟ್ಟಿಗೆ ಎಲ್ಲ ಬಾಡಿಗೆಗೆ ಕೊಡುತ್ತಿದ್ದ, ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಬೊಂಬಾಯಿಯಿಂದ ತರಿಸಿದ ಮೂರು ಕ್ಯಾಮೆರಾಗಳನ್ನು ಟೇಬಲ್ಲಿನ ಮೇಲೆ ಜಮಖಾನ ಹಾಸಿ ಇಟ್ಟಿದ್ದ. ಅವನಿಗೆ ಕ್ಯಾಮೆರಾ ಎಂದರೆ ಮದುವೆ, ಮದುವೆ ಎಂದರೆ ಕ್ಯಾಮೆರಾ. ಮೊದಲನೆಯದನ್ನು ಎತ್ತಿ, ದೂರದಲ್ಲಿ ಕೂತ ಬೀಗರ ಮೂಗುತಿ ಕೂಡ ಹತ್ತಿರಕ್ಕೆ ಎಳೀತದೆ ಎಂದು ಶುರು ಮಾಡಿದ. ಶಾರದ ಮೂಗುತಿಗೆ ಮರುಳಾಗಲಿಲ್ಲ. ಅದಕ್ಕೆ ರೆಕಾರ್ಡು ಮಾಡುವ ಪೆಟ್ಟಿಗೆ ಬೇರೆ, ಕ್ಯಾಮೆರಾ ಬೇರೆ, ನಡುವೆ ವೈರು. ಪೆಟ್ಟಿಗೆ ಹೊರಲು ಇನ್ನೊಬ್ಬರು ಬೇಕು, ಬಸ್ಸಿನಲ್ಲಿ ಆಗದು ಎಂದು ಅದನ್ನು ಪಕ್ಕಕ್ಕಿಟ್ಟಳು. ಎರಡನೆಯದು ಪುಟ್ಟದು, ಮುದ್ದಾಗಿತ್ತು. ನನಗಂತೂ ಅದೇ ಇಷ್ಟವಾಯಿತು. ಆದರೆ ಅದಕ್ಕೆ ಹಾಕುವ ಕ್ಯಾಸೆಟ್ಟೂ ಪುಟ್ಟದು, ಊರಿನ ಪೆಟ್ಟಿಗೆಗಳಲ್ಲಿ ನೇರವಾಗಿ ಹಾಕಲು ಬರುವುದಿಲ್ಲ. ನಾನು ಮಾಡಿದ್ದನ್ನು ಜನ ಎಲ್ಲಿ ಹಾಕಿಕೊಂಡು ನೋಡುತ್ತಾರೆ ಎಂದು ಕೇಳಿದಳು. ಸದಾಶಿವಯ್ಯ ತಾನೇ ಅದನ್ನು ಎತ್ತಿ ಪಕ್ಕಕ್ಕಿಟ್ಟ.

ಮೂರನೆಯದನ್ನು ಹೆಗಲಿಗೇರಿಸಿ ಸುಮ್ಮನೆ ನಿಂತುಬಿಟ್ಟಳು. ನಾವು ಕಾಫಿ ತರಿಸಿ ಕುಡಿದು ಮುಗಿಸಿದರೂ ಇಳಿಸಲಿಲ್ಲ. ಭಾರ ತಡೆಯುತ್ತದೆಯೇ ಎಂದು ನೋಡುತ್ತಿದ್ದಳಂತೆ. ಆಮೇಲೆ ವೈರಿನಲ್ಲಿ ಟಿ.ವಿ.ಗೆ ಸಿಕ್ಕಿಸಲು ಹೇಳಿ, ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಟ್ಯೂಬ್‌ಲೈಟ್ ಆರಿಸಿ, ಲಕ್ಷ್ಮಿ ಪಟದ ಮುಂದಿನ ದೀಪ ಒಂದನ್ನೇ ಉಳಿಸಿದಳು. ಆ ಬೆಳಕಿನಲ್ಲಿ ಟಿ.ವಿ.ಯಲ್ಲಿ ನನ್ನ ಮುಖ ಕಂಡಿತು. ಮುಖವೇನು ಕಂಡಿತು, ಒಂದು ಕೆನ್ನೆ, ಒಂದು ಕಣ್ಣು. ನಾನು ಇಷ್ಟು ದಿನ ಕನ್ನಡಿಯಲ್ಲಿ ಕಾಣದಿದ್ದ ಯಾರೋ ಹೆಂಗಸು ಅಲ್ಲಿದ್ದಳು. ಸದಾಶಿವಯ್ಯ ಅಡ್ಡ ಬಂದ. ನನ್ನ ಮುಖ ಮಸುಕಾಗಿ, ಕ್ಯಾಮೆರಾ ಅವನ ಶರ್ಟನ್ನು ಹಿಡಿದುಕೊಂಡಿತು. ಅಡ್ಡ ಬಂದವರನ್ನೆಲ್ಲ ಇದು ತಾನಾಗಿ ಹಿಡಿಯುವುದನ್ನು ನಿಲ್ಲಿಸಬಹುದೇ, ಕೈಯಲ್ಲೇ ತಿರುಗಿಸಿ ನನಗೆ ಬೇಕಾದ ಮುಖ ಹಿಡಿಯಬಹುದೇ ಎಂದು ಶಾರದ ಕೇಳಿದಳು. ಅದಕ್ಕೊಂದು ಗುಂಡಿಯಿತ್ತು. ಬೇರೆ ಮೈಕು ಸಿಕ್ಕಿಸಲು ತೂತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಕಣ್ಣಿಟ್ಟು ನೋಡುವ ಕೊಳವೆಯನ್ನು ಹೊರಕ್ಕೆ ಎಳೆಯಬಹುದಾಗಿತ್ತು. ಬೇರೆ ಎರಡೂ ಬಲಗಣ್ಣಿನವರಿಗೆ ಮಾಡಿದವು. ಇದನ್ನು ಎಳೆದುಕೊಂಡು ಶಾರದ ತನ್ನ ಎಡಗಣ್ಣು ಇಟ್ಟು ನೋಡಿದಳು. "ಅಪ್ಪ, ಇದು," ಎಂದಳು.

"ಬುಡಿ ಮೇಷ್ಟ್ರೇ, ಇಷ್ಟು ವರ್ಷ ಈ ಕೆಲಸ ಮಾಡ್ತಿದೀನಿ, ನನಗೇ ಗೊತ್ತಿರ್ನಿಲ್ಲ ಇದ್ರಲ್ಲಿ ಇಷ್ಟೆಲ್ಲಾ ಐತೆ ಅಂತ," ಎಂದ ಸದಾಶಿವಯ್ಯ. ಭಾವನ ಮುಖ ಹಿಗ್ಗಿನಿಂದ ಅರಳಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ, ಎತ್ತರದವರು ಹೆಗಲಿಗೆ ಇಟ್ಟುಕೊಂಡರೂ ಸರಿಹೋಗುತ್ತದೆಯೇ ಎಂದು. ನಾನು ಅದಕ್ಕೆ ನಕ್ಕುಬಿಟ್ಟೆ, ನಮ್ಮ ಮನೆಯಲ್ಲಿ ಎತ್ತರದವರು ಯಾರಿದ್ದಾರೆ ಎಂದು. ಭಾವ ನಗಲಿಲ್ಲ.

ಕ್ಯಾಮೆರಾ ಮನೆಗೆ ಬಂತು. ಆದರೆ ಭಾವ ಅದನ್ನು ಬಿಚ್ಚಲು ಬಿಡಲಿಲ್ಲ. ಮದುವೆ ಗದ್ದಲ, ಧೂಳು, ಎಲ್ಲ ಮುಗಿಯಲಿ ಎಂದು ರಟ್ಟಿನ ಪೆಟ್ಟಿಗೆಯನ್ನು ಹಾಗೇ ಅಟ್ಟದ ಮೇಲಿಟ್ಟರು. ಶಾರದ ಅದನ್ನೂ ನಂಬಿದಳು. ಮಾಘದಲ್ಲಿ ಮದುವೆ, ಚೈತ್ರಕ್ಕೆ ಶೂಟಿಂಗ್ ಎಂದು ನನಗೆ ಹೇಳಿ, ಬಿಸಿಲಿಗೆ ಮುಖ ಕಪ್ಪಾಗಲಿ, ಪೌಡರ್ ಹಾಕಬೇಡಿ ಎಂದು ಆಜ್ಞೆಯನ್ನೂ ಮಾಡಿದಳು.

ತುಮಕೂರಿನಲ್ಲೇ ಛತ್ರದಲ್ಲಿ ಮದುವೆ. ಮುಂಚಿನ ದಿನ ಸಂಜೆ ವರಪೂಜೆ. ಮದುವಣಗಿತ್ತಿ ಹೊರಗೆ ಬರುವ ಹಾಗಿಲ್ಲ, ಆದ್ದರಿಂದ ಶಾರದ ಮತ್ತು ನಾನು ಒಳಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆವು. ಸುಬ್ಬಕೃಷ್ಣನನ್ನು ಮಣೆಯ ಮೇಲೆ ಕೂರಿಸಿ ಹಾರ ಹಾಕಿದರು. ಪಂಚೆ ಶಲ್ಯ ಕೊಟ್ಟರು, ಉಂಗುರ ತೊಡಿಸಿದರು. ಆಮೇಲೆ ಇಬ್ಬರು ಹಿಡಿದುಕೊಂಡು ಒಂದು ದೊಡ್ಡ ತಟ್ಟೆ ತಂದರು. ತಟ್ಟೆಯ ಮೇಲೆ ಅಡಕೆ, ವೀಳ್ಯದೆಲೆ, ತೆಂಗಿನಕಾಯಿ, ನಡುವೆ ಕ್ಯಾಮೆರಾ. ಪೆಟ್ಟಿಗೆಯಿಂದ ತೆಗೆದು, ಸೇವಂತಿಗೆ ಹಾರ ಹಾಕಿ ಇಟ್ಟಿದ್ದರು. ಭಾವ ಎರಡೂ ಕೈಯಲ್ಲಿ ಎತ್ತಿ ಅಳಿಯನ ಮಡಿಲಿಗಿಟ್ಟರು. ನೆರೆದವರೆಲ್ಲ ಹೋ ಎಂದರು. ಮೇಷ್ಟ್ರು ಸ್ಕೂಟರ್ ಕೊಡಲಿಲ್ಲ, ಕಾಲಕ್ಕೆ ತಕ್ಕ ಹಾಗೆ ವಿಡಿಯೋ ಕ್ಯಾಮೆರಾ ಕೊಟ್ಟರು ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಗುಬ್ಬಿಯಲ್ಲಿ ಬಗೆಹರಿದದ್ದು ಏನು ಎಂದು ನನಗೆ ಆಗ ಗೊತ್ತಾಯಿತು.

ಶಾರದ ನನ್ನ ಕೈ ಹಿಡಿದುಕೊಂಡಿದ್ದಳು, ಬಿಟ್ಟಳು. "ನನ್ನ ಕೈಲಿ ಆರಿಸಿದ್ರು ಚಿಕ್ಕಮ್ಮ," ಎಂದಳು. ಅಳಲಿಲ್ಲ. ಹೋಗಿ ಜಮಖಾನದ ಮೇಲೆ ಗೋಡೆಯ ಕಡೆ ತಿರುಗಿ ಕೂತಳು. ಸಿನಿಮಾ ಮಾಡುವ ಹುಡುಗಿಯ ಒಂದು ಕಣ್ಣಿಗೆ ಹೊಂದಿಸಿ ಆರಿಸಿದ ಕ್ಯಾಮೆರಾ, ಎರಡು ಕಣ್ಣೂ ನೆಟ್ಟಗಿರುವ ಗಂಡಸಿನ ಮಡಿಲಲ್ಲಿ ಹಾರ ಹಾಕಿಕೊಂಡು ಕೂತಿತ್ತು.

ನಾನು ಸುಮ್ಮನಿರುವವಳೇ? ಛತ್ರದ ಅಡುಗೆಮನೆ ಹಿಂದೆ ಭಾವನನ್ನು ಹಿಡಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವುದು ನಿಮ್ಮಂಥವರನ್ನು ನೋಡಿಯೇ ಎಂದೆ. ಮಗಳಿಗೆ ಕೊಟ್ಟ ಮಾತನ್ನು ತಟ್ಟೆಯಲ್ಲಿಟ್ಟು ಮಾರಿಬಿಟ್ಟಿರಲ್ಲ ಎಂದೆ. ಭಾವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ನನ್ನ ಹೊಟ್ಟೆ ಉರಿಸಿದ್ದು ಅದೇ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖವಲ್ಲ ಅದು, ಒಳ್ಳೆಯ ಕೆಲಸ ಮಾಡಿ ಬೈಸಿಕೊಂಡವರ ಮುಖ. "ಎಲ್ಲಿಗೆ ಹೋಗುತ್ತೆ ಮಹಾಲಕ್ಷ್ಮಿ? ಅವಳ ಮನೆಗೇ ತಾನೆ? ಅಳಿಯಂದಿರಿಗೆ ಕೊಟ್ರೆ ಮಗಳಿಗೆ ಕೊಟ್ಟ ಹಾಗಲ್ವೇ? ಅವರ ಬಾಯೂ ಮುಚ್ಚಿತು, ಇವಳ ಆಸೇನೂ ತೀರಿತು," ಎಂದರು. ಅಂದರೆ ಒಂದೇ ಕ್ಯಾಮೆರಾ, ಎರಡು ಋಣ ತೀರಿದವು. ಇಡೀ ಊರಿಗೆ ಬುದ್ಧಿ ಹೇಳುವ ಮನುಷ್ಯನ ತಲೆಯಲ್ಲಿ ಈ ಲೆಕ್ಕ ತಪ್ಪು ಎಂದು ಹೊಳೆಯಲೇ ಇಲ್ಲ. ನಮ್ಮವರಲ್ಲಿ ಯಾರ ತಲೆಯಲ್ಲೂ ಹೊಳೆಯುವುದಿಲ್ಲ.

ಗುಬ್ಬಿಯ ಮನೆಗೆ ಹೋದ ದಿನ ರಾಧಮ್ಮ ಸೊಸೆಗೂ ಕ್ಯಾಮೆರಾಕ್ಕೂ ಒಟ್ಟಿಗೇ ಆರತಿ ಎತ್ತಿದರು. ಸೊಸೆಯ ಹಣೆಗೆ ಕುಂಕುಮವಿಟ್ಟು, ಕ್ಯಾಮೆರಾದ ಮುಂದಿನ ಗಾಜಿನ ನಟ್ಟನಡುವೆಯೂ ಒಂದು ದೊಡ್ಡ ಬೊಟ್ಟು ಇಟ್ಟರು. ಶಾರದ ಅದನ್ನು ಸೆರಗಿನ ತುದಿಯಿಂದ ಒರೆಸಲು ಹೋದಾಗ, ಇಟ್ಟ ಕುಂಕುಮ ಅಳಿಸಬಾರದು ಎಂದು ತಡೆದರು. ಆಮೇಲೆ ರೇಷ್ಮೆ ಚೌಕದಲ್ಲಿ ಸುತ್ತಿ ಬೀರುವಿಗಿಟ್ಟು ಬೀಗ ಹಾಕಿದರು. ಬೀಗದಕೈ ಅವರ ಸೊಂಟದಲ್ಲಿ. ಕೆಟ್ಟ ಹೆಂಗಸೇನಲ್ಲ ರಾಧಮ್ಮ. ಬೆಲೆಬಾಳುವ ವಸ್ತುವನ್ನು ಹೇಗೆ ನೋಡಿಕೊಳ್ಳಬೇಕೋ ಹಾಗೆ ನೋಡಿಕೊಂಡರು, ಅಷ್ಟೇ. ಚೈತ್ರ ಬಂತು, ಹೋಯಿತು. ನಾನು ಬಿಸಿಲಲ್ಲಿ ಮುಖ ಕಪ್ಪು ಮಾಡಿಕೊಂಡದ್ದು ದಂಡವಾಯಿತು.

ಶಾರದ ಗಂಡನ ಹತ್ತಿರ ಹಟ ಹಿಡಿದಳು. ನೀವು ಹೆಣ್ಣು ನೋಡಲು ಬಂದಾಗ ಮಾಡಿ ಎಂದಿರಲ್ಲ, ಒಂದು ವಾರ ಕೊಡಿ ಸಾಕು ಎಂದಳು. ಅವನು ಮಾಡಬೇಡ ಎನ್ನಲಿಲ್ಲ. ಅವನು ಯಾವುದಕ್ಕೂ ಬೇಡ ಎನ್ನುವವನಲ್ಲ. ಆದರೆ ಅದು ವರಪೂಜೆಯಲ್ಲಿ ಕೊಟ್ಟ ಸಾಮಾನು, ಅಮ್ಮನ ಮನಸ್ಸಿಗೆ ವಿರುದ್ಧ ಹೋಗಲಾರೆ ಎಂದ. ಅದು ನನ್ನದು, ಅಪ್ಪ ನನಗೆ ಮಾತು ಕೊಟ್ಟಿದ್ದರು, ನಾನೇ ಆರಿಸಿದ್ದು ಎಂದು ಶಾರದ ಎಲ್ಲವನ್ನೂ ಹೇಳಿದಳು. ಅವನು ಪಾಪ ದಂಗಾದ. ಇದೆಲ್ಲ ಅವನಿಗೆ ಗೊತ್ತೇ ಇರಲಿಲ್ಲ. ಯೋಚನೆ ಮಾಡಿ, ನ್ಯಾಯವಾದ ಮಾತೇ ಆಡಿದ. "ಗೌರಿ ಹಬ್ಬಕ್ಕೆ ಮಾವ ಬರ್ತಾರಲ್ಲ. ಇದು ಶಾರದನಿಗೇ ಕೊಟ್ಟಿದ್ದು ಅಂತ ಅವರೊಂದು ಮಾತು ಅಂದ್ಬಿಡ್ಲಿ. ಅಮ್ಮನೂ ಸುಮ್ಮನಾಗ್ತಾಳೆ. ನೀನೇ ಇಟ್ಕೋ," ಎಂದ.

ಶಾರದ ಗುಬ್ಬಿಯಿಂದ ನನಗೆ ಫೋನು ಮಾಡಿ ಇದನ್ನು ಹೇಳುವಾಗ ಅವಳ ದನಿಯಲ್ಲಿ ಮೊದಲಿನ ಹುರುಪಿತ್ತು. ಅಪ್ಪ ಬರಲಿ, ಒಂದೇ ಮಾತಿನಲ್ಲಿ ಮುಗಿಯುತ್ತದೆ ಎಂದಳು. ಛತ್ರದಲ್ಲಿ ಅಷ್ಟೆಲ್ಲ ಆಗಿದ್ದರೂ ಅವಳಿಗೆ ಅಪ್ಪನ ಮೇಲೆ ನಂಬಿಕೆ ಇತ್ತು. ಅಪ್ಪ ಗೊತ್ತಿಲ್ಲದೆ ತಪ್ಪು ಮಾಡಿದ್ದು, ಗೊತ್ತಾದರೆ ಸರಿಮಾಡುತ್ತಾರೆ ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಬಾಗಿನ ಹಿಡಿದುಕೊಂಡು ಹೊರಟ ಭಾವನ ಜೊತೆ ಗುಬ್ಬಿಯ ಬಸ್ಸಿನಲ್ಲಿ ನಾನೂ ಹೋದೆ. ದಾರಿಯುದ್ದಕ್ಕೂ ವಿಷಯ ವಿವರಿಸಿದೆ. ನೋಡಿ, ಇಂಥ ಅವಕಾಶ ಮತ್ತೆ ಬರುವುದಿಲ್ಲ, ಹುಡುಗನೇ ದಾರಿ ಮಾಡಿಕೊಟ್ಟಿದ್ದಾನೆ, ಒಂದು ಮಾತು ಅಂದುಬಿಡಿ ಎಂದೆ. ಭಾವ ಹೂಂ ಎಂದರು.

ಊಟವಾಯಿತು. ನಡುಮನೆಯಲ್ಲಿ ಎಲ್ಲ ಕೂತಿದ್ದೆವು. ರಾಧಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಶಾರದ ಬಾಗಿಲಿಗೆ ಒರಗಿ ನಿಂತಿದ್ದಳು. ಸುಬ್ಬಕೃಷ್ಣ ಗಂಟಲು ಸರಿಮಾಡಿಕೊಂಡು, ಮಾವ, ಆ ಕ್ಯಾಮೆರಾ ನೀವು ಶಾರದನಿಗೆ ಅಂತ ತಂದದ್ದಂತೆ, ಹೌದೇ ಎಂದು ಕೇಳಿದ. ಇದಕ್ಕಿಂತ ಸುಲಭವಾಗಿ ಯಾರು ಕೇಳುತ್ತಾರೆ? ರಾಧಮ್ಮನ ಕೈ ಸುಣ್ಣದ ಡಬ್ಬಿಯಲ್ಲೇ ನಿಂತಿತು. ಭಾವ ಅದನ್ನು ನೋಡಿದರು. ಕೊಟ್ಟದ್ದನ್ನು ಹಿಂದಕ್ಕೆ ಕೇಳುವವನು ಎನ್ನಿಸಿಕೊಳ್ಳುವ ಹೆದರಿಕೆ ಅವರ ಮುಖದ ಮೇಲೆ ಬಂದದ್ದು ನನಗೆ ಕಾಣಿಸಿತು.

"ಛೆ ಛೆ. ತಟ್ಟೇಲಿಟ್ಟು ಕೊಟ್ಟಿದ್ದು ನಿಮಗೇ. ಅದರಲ್ಲಿ ಎರಡು ಮಾತಿಲ್ಲ," ಎಂದರು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಕ್ಕು, "ಇವಳದು ಹುಡುಗಾಟ. ಮನಸ್ಸಿಗೆ ಹಚ್ಕೋಬೇಡಿ," ಎಂದು ಸೇರಿಸಿದರು.

ಹದಿನೈದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ಹುಡುಗಾಟ. ಇಂಟರ್‌ವ್ಯೂ ಬಿಡಿಸಿದ್ದು ಹುಡುಗಾಟ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಗಾದೆ ಕೇಳಿದ್ದೆ, ಕೊಟ್ಟ ಮಾತೂ ಹೊರಗೆ ಎಂದು ಅವತ್ತು ಕಂಡೆ. ಶಾರದ ಒಳಗೆ ಹೋಗಿ ಎಂಜಲೆಲೆ ಎತ್ತತೊಡಗಿದಳು. ನಾವು ಹೊರಡುವ ತನಕ ಅಪ್ಪನಿಗೆ ಬೇಕುಬೇಡ ವಿಚಾರಿಸಿದಳು, ಬಾಗಿನ ತೆಗೆದುಕೊಂಡು ನಮಸ್ಕಾರ ಮಾಡಿದಳು, ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಮುಖ ಮಾತ್ರ ಎತ್ತಲಿಲ್ಲ.

ಮುಂದಿನ ವರ್ಷ ಸುಬ್ಬಕೃಷ್ಣ ಆ ಕ್ಯಾಮೆರಾವನ್ನು ಸದಾಶಿವಯ್ಯನಿಗೇ ಕೊಟ್ಟು, ಅದರ ಮೇಲೊಂದಿಷ್ಟು ಹಾಕಿ, ಸ್ಕೂಟರ್ ಕೊಂಡ. ಯಾರೂ ಮುಟ್ಟದೆ ಬೀರುವಿನಲ್ಲಿ ಹಾಳಾಗುವುದಕ್ಕಿಂತ ವಾಸಿ ಎಂದ. ರಾಧಮ್ಮ ಮೊದಲು ಕೇಳಿದ್ದೂ ಅದನ್ನೇ ತಾನೆ. ಶಾರದ ಅದರ ಹಿಂದೆ ಕೂತು ಒಂದೆರಡು ಸಲ ತುಮಕೂರಿಗೆ ಬಂದಳು. ಬಾಲವಾಡಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಸಿನಿಮಾ ಮಾತು ನಾನೇ ಎತ್ತಿದರೂ ಬೇರೆ ಮಾತಿಗೆ ಹೊರಳುತ್ತಿದ್ದಳು. ಅಪ್ಪನ ಜೊತೆ ಆಡುತ್ತಿದ್ದದ್ದು ಊಟ ತಿಂಡಿ, ಆರೋಗ್ಯ, ಮಳೆ ಬಂತೇ ಬಿಟ್ಟಿತೇ, ಇಷ್ಟೇ. ಫಿಲ್ಮ್ ಸೊಸೈಟಿಯವರು ಮತ್ತೆ ಶುರು ಮಾಡಿದ್ದಾರೆ, ಭಾನುವಾರ ಬಾ ಎಂದು ಭಾವ ಒಮ್ಮೆ ಕರೆದರು. ಭಾನುವಾರ ಬಟ್ಟೆ ಒಗೆಯುವುದಿದೆ ಎಂದಳು. ಭಾವ ಒಬ್ಬರೇ ಹೋಗಿ ಅರ್ಧಕ್ಕೇ ಎದ್ದು ಬಂದರಂತೆ, ಅಕ್ಕ ಹೇಳಿದಳು. ನನಗೆ ಕನಿಕರವಾಗಲಿಲ್ಲ.

ಎಂಬತ್ತೊಂಬತ್ತರಲ್ಲಿ ಭಾವ ರಿಟೈರಾದರು. ಒಂದು ದಿನ ಸದಾಶಿವಯ್ಯನ ಅಂಗಡಿಯ ಮುಂದೆ ಹೋಗುವಾಗ, ಅವನ ಕೈಕೆಳಗಿನ ಹುಡುಗರು ಆ ಕ್ಯಾಮೆರಾ ಹೊತ್ತು ಯಾವುದೋ ಮದುವೆಗೆ ಹೊರಟಿದ್ದನ್ನು ಕಂಡರು. ಮನೆಗೆ ಬಂದು ಊಟ ಮಾಡಲಿಲ್ಲವಂತೆ. ರಿಟೈರಾದ ದುಡ್ಡಿನಲ್ಲಿ ಅದನ್ನು ಬಿಡಿಸಿಕೊಂಡು ಬಂದರು. ಹೊಸದೇ ಸಿಗುತ್ತದೆ ಎಂದು ಸದಾಶಿವಯ್ಯ ಹೇಳಿದರೂ, ಬೇಡ, ನಮ್ಮ ಹುಡುಗಿ ಆರಿಸಿದ್ದು ಇದು ಎಂದು ಹಟ ಹಿಡಿದರು. ಆಮೇಲೆ ನನಗೆ ಫೋನು ಮಾಡಿ, ಗುಬ್ಬಿಗೆ ಹೋಗಬೇಕು, ಜೊತೆಗೆ ಬಾ ಎಂದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ ಅವರಿಗೆ. ಅಂದು ಮೊದಲ ಸಲ ನನಗೆ ಅವರ ಮೇಲಿನ ಸಿಟ್ಟು ಕರಗಿತು ಎಂದೇ ಹೇಳಬೇಕು. ತಪ್ಪು ತಿಳಿದು ತಿದ್ದಿಕೊಳ್ಳಲು ಬಂದ ಮನುಷ್ಯನ ಮೇಲೆ ಎಷ್ಟು ದಿನ ಸಾಧಿಸುವುದು?

ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಶಾರದ ಜಗಲಿಗೆ ಬಂದಳು. ಭಾವ ಏರ್‌ಬ್ಯಾಗಿನ ಜಿಪ್ಪು ಎಳೆದು, ಟವಲಿನಲ್ಲಿ ಸುತ್ತಿದ್ದ ಕ್ಯಾಮೆರಾ ತೆಗೆದು ಅವಳ ಮುಂದೆ ಹಿಡಿದರು. "ನಿನಗೆ ತಂದಿದೀನಿ ಕಣಮ್ಮ," ಎಂದರು. ಶಾರದ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಹೆಗಲಿಗಿಟ್ಟು, ಕೊಳವೆಯನ್ನು ಹೊರಕ್ಕೆ ಎಳೆದು, ಎಡಗಣ್ಣನ್ನು ಇಟ್ಟಳು. ಬ್ಯಾಟರಿ ಇರಲಿಲ್ಲ, ಅದರಲ್ಲಿ ಕತ್ತಲೆಯಲ್ಲದೆ ಬೇರೇನೂ ಕಾಣುವಂತಿರಲಿಲ್ಲ. ಆದರೂ ಹಾಗೇ ನಿಂತಳು. ದೇವರೇ, ಈ ಹುಡುಗಿ ಇದನ್ನು ಇಟ್ಟುಕೊಳ್ಳಲಿ ಎಂದು ನಾನು ಬೇಡಿಕೊಂಡೆ.

ಅವಳು ಕ್ಯಾಮೆರಾ ಇಳಿಸಿ ಒಳಗೆ ತಿರುಗಿ ಕರೆದಳು. "ರೀ, ಬನ್ನಿ. ಅಪ್ಪ ನಿಮಗೇನೋ ತಂದಿದಾರೆ."

ಸುಬ್ಬಕೃಷ್ಣ ತಲೆ ಬಗ್ಗಿಸಿಕೊಂಡು ಹೊರಗೆ ಬಂದ. ಹಿಂದೆಯೇ ರಾಧಮ್ಮ. ಶಾರದ ಅದನ್ನು ಗಂಡನ ಕೈಯಲ್ಲಿಟ್ಟಳು. ಅವನು ಗುರುತು ಹಿಡಿದು, ಯಾಕೆ ಮಾವ ಇಷ್ಟೆಲ್ಲ ತೊಂದರೆ ತಗೊಂಡಿರಿ, ನಾನೇ ಮಾರಿದ್ದಲ್ಲವೇ ಎಂದು ಸಂಕೋಚಪಟ್ಟ. ಶಾರದ ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತು, ಎರಡು ವರ್ಷದ ಮೇಲೆ ಮೊದಲ ಸಲ ಅಪ್ಪನ ಮುಖವನ್ನು ನೇರವಾಗಿ ನೋಡಿದಳು. ನಾನೂ ನೋಡಿದೆ. ಅದು ನಿಮಗಲ್ಲಪ್ಪ, ಅವಳಿಗೆ. ಇಷ್ಟು ಹೇಳುವುದಕ್ಕೆ ಒಬ್ಬ ಮೇಷ್ಟ್ರಿಗೆ ಎಷ್ಟು ಹೊತ್ತು ಬೇಕು? ಭಾವ ಅಳಿಯನನ್ನು ನೋಡಿದರು, ಬೀಗಿತ್ತಿಯನ್ನು ನೋಡಿದರು. ಖಾಲಿ ಟವಲನ್ನು ಮಡಿಸತೊಡಗಿದರು.

"ಪರವಾಗಿಲ್ಲ, ಇಟ್ಕೊಳಿ," ಎಂದರು.

ಶಾರದ ಎಲೆ ಹಾಕಲು ಒಳಗೆ ಹೋದಳು.